ಮಾಪ್ ಹಿಡಿದು ಅಂತರಿಕ್ಷಕ್ಕೆ: ‘ಸ್ಪೇಸ್ ಸ್ಟೇಷನ್ 14’ರಲ್ಲಿ ಜಾನಿಟರ್ ಆಗುವುದು ಹೇಗೆ?

‘ಸ್ಪೇಸ್ ಸ್ಟೇಷನ್ 14’ ಎಂಬ ಕಂಪ್ಯೂಟರ್ ಆಟಕ್ಕೆ ಹೊಸದಾಗಿ ಬರುವವರಿಗೆಲ್ಲ ಒಂದೋ ಕ್ಯಾಪ್ಟನ್ ಆಗಬೇಕು, ಇಲ್ಲವೇ ಸೆಕ್ಯುರಿಟಿಗೆ ಸೇರಿ ಬಂದೂಕು ಹಿಡಿಯಬೇಕು. ಆಮೇಲೆ ಬಾಗಿಲು ತೆರೆಯುವುದು ಹೇಗೆ, ಕೈಯಲ್ಲಿರುವುದನ್ನು ಕೆಳಗಿಡುವುದು ಹೇಗೆ ಎಂದು ಗೊತ್ತಾಗದೆ, ಯಾವುದೋ ಕಾರಿಡಾರಿನಲ್ಲಿ ಪೆಟ್ಟು ತಿಂದು ಬಿದ್ದು, ಬೇಸತ್ತು ಆಟವನ್ನೇ ಬಿಡುತ್ತಾರೆ. ಅಂಥವರಿಗೆ ನನ್ನ ಸಲಹೆ ಇಷ್ಟೇ: ಮೊದಲು ನೆಲ ಒರೆಸುವ ಮಾಪ್ ಹಿಡಿಯಿರಿ, ಅಂದರೆ ನಿಲ್ದಾಣ ಸ್ವಚ್ಛವಾಗಿಡುವ ಜಾನಿಟರ್ ಆಗಿ.

ಮೂಲ ಆಟ ‘ಸ್ಪೇಸ್ ಸ್ಟೇಷನ್ 13’. 2003ರಲ್ಲಿ ಬಯಾಂಡ್ ಎಂಬ ಆಟ ಕಟ್ಟುವ ವೇದಿಕೆಯಲ್ಲಿ ಹುಟ್ಟಿದಾಗ ಅದು ಆಟವೇ ಆಗಿರಲಿಲ್ಲ. ಕೋಣೆಯಿಂದ ಕೋಣೆಗೆ ಗಾಳಿ ಹೇಗೆ ಹರಿಯುತ್ತದೆ ಎಂದು ಲೆಕ್ಕ ಹಾಕುವ ಪ್ರಯೋಗವಾಗಿತ್ತು. ಅಭಿಮಾನಿಗಳು ಅದನ್ನೇ ಬೇರೆ ಎಂಜಿನ್‌ನಲ್ಲಿ, ಅಂದರೆ ಆಟ ನಡೆಸುವ ಬೇರೆ ತಂತ್ರಾಂಶದಲ್ಲಿ, ಹೊಸದಾಗಿ ಕಟ್ಟಿದ್ದು ‘14’. ಸ್ಟೀಮ್ ಎಂಬ ಆನ್‌ಲೈನ್ ಆಟದಂಗಡಿಯಲ್ಲಿ ಉಚಿತವಾಗಿ ಸಿಗುತ್ತದೆ, ಕೋಡ್ ಕೂಡ ಎಲ್ಲರಿಗೂ ಮುಕ್ತ. ಒಂದೇ ನಿಲ್ದಾಣದಲ್ಲಿ ಹತ್ತಾರು ಜನ, ಒಬ್ಬೊಬ್ಬರಿಗೆ ಒಂದೊಂದು ಕೆಲಸ: ಡಾಕ್ಟರ್, ಬಾಣಸಿಗ, ಎಂಜಿನಿಯರ್, ಕೊನೆಗೆ ಒಬ್ಬ ಕ್ಲೌನ್ ಕೂಡ. ಇವರ ನಡುವೆ ಯಾರೋ ಕೆಲವರು ಗುಟ್ಟಾಗಿ ದ್ರೋಹಿಗಳು. ಹಾಗಾಗಿ ರಕ್ತ, ಗಾಜಿನ ಚೂರು, ಕತ್ತಲಾದ ಕಾರಿಡಾರುಗಳಿಗೆ ಇಲ್ಲಿ ಎಂದೂ ಬರವಿಲ್ಲ.

ಎಂಜಿನಿಯರ್ ತಪ್ಪಿದರೆ ಇಡೀ ನಿಲ್ದಾಣದ ಕರೆಂಟ್ ಹೋಗುತ್ತದೆ. ಡಾಕ್ಟರ್ ತಪ್ಪಿದರೆ ರೋಗಿ ಸಾಯುತ್ತಾನೆ. ಜಾನಿಟರ್ ತಪ್ಪಿದರೆ ಕಲೆ ಅಲ್ಲೇ ಉಳಿಯುತ್ತದೆ, ಅಷ್ಟೆ. ನೆಲವಂತೂ ಎಲ್ಲ ಕಡೆಯೂ ಇದೆ. ನೀವು ಎಲ್ಲಿ ನಿಂತಿದ್ದರೂ ‘ಇವನಿಗೇನು ಕೆಲಸ ಇಲ್ಲಿ’ ಎಂದು ಯಾರೂ ಕೇಳುವುದಿಲ್ಲ. ನಕ್ಷೆ ಕಲಿಯಲು ಇದಕ್ಕಿಂತ ಒಳ್ಳೆಯ ನೆಪ ಸಿಗದು. ಇನ್ನೊಂದು ಅನುಕೂಲ: ಸರ್ವರ್‌ಗಳು ಹೆಚ್ಚಾಗಿ ಅಮೆರಿಕ, ಯುರೋಪಿನಲ್ಲಿವೆ. ನಮ್ಮ ಕಡೆಯಿಂದ ಆಡುವಾಗ ಪಿಂಗ್, ಅಂದರೆ ಸರ್ವರ್ ಉತ್ತರಿಸಲು ಹಿಡಿಯುವ ಸಮಯ, ಏರುತ್ತದೆ. ಗುಂಡಿನ ಕಾಳಗದಲ್ಲಿ ಅದು ಪ್ರಾಣಕ್ಕೇ ಬರುತ್ತದೆ, ಮಾಪ್ ಎಳೆಯಲು ತೊಂದರೆಯಿಲ್ಲ.

ಶಿಫ್ಟ್‌ಗೆ ಮುಂಚೆ

ಪಾತ್ರ ರೂಪಿಸುವ ಕಿಟಕಿಯಲ್ಲಿ ಉದ್ಯೋಗಗಳ ಪಟ್ಟಿ ಇರುತ್ತದೆ. ಅಲ್ಲಿ ಜಾನಿಟರ್ ಎದುರು ‘ಹೈ’ ಆಯ್ಕೆ ಮಾಡಿ. ಸರ್ವರ್‌ನ ನಿಯಮಗಳನ್ನು ಒಮ್ಮೆ ಪೂರ್ತಿ ಓದಿ. ಕಾರಣವಿಲ್ಲದೆ ಯಾರ ಮೇಲಾದರೂ ಕೈ ಎತ್ತಿದರೆ ನಿಷೇಧ ಖಚಿತ. ಕೀಲಿಗಳಲ್ಲಿ ಮೊದಲು ಬೇಕಾದವು ಕೆಲವೇ. ಎಕ್ಸ್ ಒತ್ತಿದರೆ ಒಂದು ಕೈಯಿಂದ ಇನ್ನೊಂದು ಕೈಗೆ ಬದಲಾಗುತ್ತೀರಿ, ಝಡ್ ಒತ್ತಿದರೆ ಕೈಯಲ್ಲಿರುವ ವಸ್ತು ಕೆಲಸ ಮಾಡುತ್ತದೆ, ಕ್ಯೂ ಒತ್ತಿದರೆ ಅದು ಕೆಳಗೆ ಬೀಳುತ್ತದೆ. ಮಾತಾಡಲು ಟಿ. ಮಾತಿನ ಮೊದಲು ಅರ್ಧವಿರಾಮ (;) ಹಾಕಿದರೆ ಇಡೀ ನಿಲ್ದಾಣದ ರೇಡಿಯೊದಲ್ಲಿ ಕೇಳಿಸುತ್ತದೆ. ಶಿಫ್ಟ್ ಕೀಲಿ ಒತ್ತಿಹಿಡಿದರೆ ಓಟ ನಿಂತು ನಡಿಗೆಯಾಗುತ್ತದೆ. ಜಾನಿಟರ್‌ಗೆ ಇದು ಎಷ್ಟು ಮುಖ್ಯ ಎಂಬುದು ಮುಂದೆ ಗೊತ್ತಾಗುತ್ತದೆ.

ಕೋಣೆಯಲ್ಲಿ ಮೊದಲ ನಿಮಿಷಗಳು

ನಿಮಗೊಂದು ಪುಟ್ಟ ಕೋಣೆ ಇದೆ, ಜೊತೆಗೆ ಗೋಡೆಗಳ ಹಿಂದಿನ ಮೇಂಟೆನೆನ್ಸ್ ಸುರಂಗಗಳಿಗೆ ಪ್ರವೇಶವೂ ಇದೆ. ಮೊದಲು ಗಲೋಶ್, ಅಂದರೆ ಜಾರದ ರಬ್ಬರ್ ಬೂಟು ಹಾಕಿಕೊಳ್ಳಿ. ಇದನ್ನು ಮರೆತವರು ತಮ್ಮದೇ ನೀರಿನಲ್ಲಿ ಜಾರುತ್ತಾರೆ. ಆಮೇಲೆ ಮಾಪ್, ಬಕೆಟ್, ಕಸದ ಚೀಲ, ಬಲ್ಬ್ ಬದಲಾಯಿಸುವ ಲೈಟ್ ರಿಪ್ಲೇಸರ್, ಸ್ಪೇಸ್ ಕ್ಲೀನರ್ ಸ್ಪ್ರೇ, ಎಚ್ಚರಿಕೆಯ ಫಲಕಗಳು. ತಳ್ಳುಗಾಡಿ ಇದ್ದರೆ ಎಲ್ಲವನ್ನೂ ಅದಕ್ಕೇ ಏರಿಸಿ. ಬಕೆಟ್‌ಗೆ ನೀರು ತುಂಬಿಸಿಕೊಳ್ಳದೆ ಹೊರಗೆ ಕಾಲಿಡಬೇಡಿ. ಸೋಪು ಜೇಬಿನಲ್ಲಿರಲಿ, ಮೇಜಿನ ಮೇಲೆ ಬಿಟ್ಟರೆ ಕ್ಲೌನ್ ಹೊತ್ತೊಯ್ಯುತ್ತಾನೆ.

ಒರೆಸುವುದು

ಮಾಪ್ ಅನ್ನು ಬಕೆಟ್‌ಗೆ ಅದ್ದಿ, ರಕ್ತದ ಮಡುವಿನ ಮೇಲೆ ಕ್ಲಿಕ್ ಮಾಡಿ. ರಕ್ತ ಮಾಪ್‌ಗೆ ಏರುತ್ತದೆ, ಮಾಪ್‌ನಲ್ಲಿದ್ದ ನೀರು ನೆಲಕ್ಕೆ ಇಳಿಯುತ್ತದೆ. ನೀರು ತಾನಾಗಿ ಆರುತ್ತದೆ, ರಕ್ತ ಆರುವುದಿಲ್ಲ. ಕೆಲಸದ ಗುಟ್ಟೆಲ್ಲ ಇಷ್ಟೇ. ಮತ್ತೆ ಬಕೆಟ್‌ಗೆ ಅದ್ದಿದಾಗ ಮಾಪ್‌ನ ಕೊಳೆ ಅದರೊಳಗೆ ಸೇರುತ್ತದೆ. ಬಕೆಟ್ ನೀರು ಕೆಂಪಗಾದರೆ ಕೋಣೆಯ ಡ್ರೈನ್‌ಗೆ ಸುರಿದು ಹೊಸ ನೀರು ಹಿಡಿಯಿರಿ. ದೊಡ್ಡ ಮಡು ಪಕ್ಕದ ಚೌಕಗಳಿಗೂ ಹರಡಿಕೊಂಡಿರುತ್ತದೆ, ಒಂದು ಸಲಕ್ಕೆ ಮುಗಿಯುವುದಿಲ್ಲ; ಅಂಚಿನಿಂದ ನಡುವಿಗೆ ಬನ್ನಿ.

ಆದರೆ ಆರುವವರೆಗೆ ಆ ನೀರೇ ಅಪಾಯ. ಓಡುತ್ತಾ ಬಂದವರು ಜಾರಿ ಬೀಳುತ್ತಾರೆ, ಕೈಯಲ್ಲಿದ್ದದ್ದು ನೆಲಕ್ಕೆ ಉರುಳುತ್ತದೆ, ಏಳಲು ಕೆಲವು ಕ್ಷಣ ಹಿಡಿಯುತ್ತದೆ. ನಡೆದು ಬಂದವರಿಗೆ ಏನೂ ಆಗುವುದಿಲ್ಲ. ಆದರೆ ಈ ನಿಲ್ದಾಣದಲ್ಲಿ ನಡೆಯುವವರು ಯಾರಿದ್ದಾರೆ? ಸಾಯುತ್ತಿರುವವನನ್ನು ಎಳೆದುಕೊಂಡು ಆಸ್ಪತ್ರೆಗೆ ಓಡುತ್ತಿರುವ ಡಾಕ್ಟರ್ ನಿಮ್ಮ ಹೊಳೆಯುವ ನೆಲದ ಮೇಲೆ ಬಿದ್ದರೆ ರೇಡಿಯೊದಲ್ಲಿ ಮೊದಲು ಬರುವುದು ನಿಮ್ಮ ಹೆಸರು. ಅದಕ್ಕೇ ಕಾರಿಡಾರ್ ಅಗಲವಾಗಿದ್ದರೆ ಮೊದಲು ಅರ್ಧ ಒರೆಸಿ, ಅದು ಆರಿದ ಮೇಲೆ ಇನ್ನರ್ಧ. ಫಲಕಗಳನ್ನು ಒರೆಸುವ ಮೊದಲೇ ಎರಡೂ ತುದಿಗೆ ಇಡಿ, ಆಮೇಲಲ್ಲ. ಮನೆಯಲ್ಲಿ ಒಳಗಿನ ಮೂಲೆಯಿಂದ ಹೊಸಿಲಿನತ್ತ ಹಿಂದೆ ಸರಿಯುತ್ತಾ ಒರೆಸುವಂತೆ ಇಲ್ಲೂ ಬಾಗಿಲ ಚೌಕ ಕೊನೆಯದಾಗಿರಲಿ.

ಎಲ್ಲಿಂದ ಶುರು?

ಆಸ್ಪತ್ರೆಯಿಂದ. ರಕ್ತ ಹೆಚ್ಚು ಅಲ್ಲೇ, ಓಡಾಟವೂ ಅಲ್ಲೇ. ನಂತರ ಬಾರ್ ಮತ್ತು ಅಡುಗೆಮನೆ: ಒಡೆದ ಗ್ಲಾಸು, ಚೆಲ್ಲಿದ ಪೇಯ. ಕಸದ ಚೀಲ ಹಿಡಿದು ನೆಲದ ಮೇಲೆ ಕ್ಲಿಕ್ ಮಾಡಿದರೆ ಸುತ್ತಲಿನ ಸಣ್ಣಪುಟ್ಟ ಕಸವೆಲ್ಲ ಒಟ್ಟಿಗೆ ಚೀಲ ಸೇರುತ್ತದೆ. ಡಿಸ್ಪೋಸಲ್ ಯಂತ್ರಕ್ಕೆ ಸುರಿಯುವ ಮುನ್ನ ಚೀಲದೊಳಗೆ ಇಣುಕಿ ನೋಡಿ. ಯಾರದೋ ಗುರುತಿನ ಚೀಟಿಯೋ ಔಷಧವೋ ಸೇರಿಕೊಂಡಿರಬಹುದು. ದಾರಿಯಲ್ಲಿ ಸಿಕ್ಕ ಒಡೆದ ಬಲ್ಬುಗಳನ್ನು ರಿಪ್ಲೇಸರ್‌ನಿಂದ ಬದಲಾಯಿಸುತ್ತಾ ಹೋಗಿ. ಉರಿಯುತ್ತಿರುವ ಬಲ್ಬನ್ನು ಬರಿಗೈಲಿ ಕಿತ್ತರೆ ಕೈ ಸುಡುತ್ತದೆ. ರಸಾಯನಶಾಲೆಯ ಎದುರಿನ ಬಣ್ಣಬಣ್ಣದ ಮಡು ಕಂಡರೆ ಮಾತ್ರ ಮೊದಲು ಒಳಗಿದ್ದವರನ್ನು ಕೇಳಿ, ಆಮೇಲೆ ಕೈ ಹಾಕಿ.

ಯಾವುದನ್ನು ಒರೆಸಬಾರದು

ಒಳ್ಳೆಯ ಜಾನಿಟರ್ ಯಾರು ಎಂಬುದು ತಿಳಿಯುವುದು ಇಲ್ಲೇ ಎಂದು ನನ್ನ ಅನಿಸಿಕೆ. ಸುರಂಗದಲ್ಲಿ ಹೆಣವೊಂದು ಬಿದ್ದಿದೆ, ಪಕ್ಕದಲ್ಲಿ ಚಾಕು, ರಕ್ತದ ಹೆಜ್ಜೆಗಳು ಬಾಗಿಲತ್ತ ಹೋಗಿವೆ. ಹೊಸಬರ ಕೈ ತಾನಾಗಿ ಮಾಪ್‌ನತ್ತ ಹೋಗುತ್ತದೆ. ತಡೆಯಿರಿ. ಡಿಟೆಕ್ಟಿವ್ ಬಳಿ ಬೆರಳಚ್ಚು, ಡಿಎನ್‌ಎ ಓದುವ ಸ್ಕ್ಯಾನರ್ ಇರುತ್ತದೆ. ಸೋಪು ಹಾಕಿ ತೊಳೆದ ವಸ್ತುವಿನ ಮೇಲಿನ ಬೆರಳಚ್ಚು, ಡಿಎನ್‌ಎ ಮಾಯ. ‘ಉತ್ತರದ ಸುರಂಗದಲ್ಲಿ ಹೆಣ, ಏನನ್ನೂ ಮುಟ್ಟಿಲ್ಲ’ ಎಂದು ರೇಡಿಯೊದಲ್ಲಿ ಹೇಳಿ, ಬಾಗಿಲ ಬಳಿ ಕಾಯಿರಿ. ಸೆಕ್ಯುರಿಟಿ ‘ಆಯ್ತು, ಒರೆಸಿ’ ಎಂದ ಮೇಲೆ ಮಾತ್ರ ಬಕೆಟ್ ತನ್ನಿ. ಮುಂಚೆಯೇ ಒರೆಸಿಬಿಟ್ಟರೆ ಕೊಲೆಗಾರನ ಜೊತೆಗಾರನೆಂದು ನಿಮಗೇ ಕೋಳ ಬೀಳಬಹುದು. ಅದು ಅನ್ಯಾಯವೂ ಅಲ್ಲ: ಕೆಲವು ರೌಂಡ್‌ಗಳಲ್ಲಿ ದ್ರೋಹಿಯ ಪಾತ್ರ ಜಾನಿಟರ್‌ಗೇ ಬರುತ್ತದೆ, ಆಗ ಇದೇ ಮಾಪ್, ಇದೇ ಸುರಂಗ ಅವನಿಗೆ ವರ.

ಗೋಡೆ-ನೆಲದ ಮೇಲಿನ ಕ್ರೇಯಾನ್ ಚಿತ್ರಗಳ ವಿಷಯದಲ್ಲೂ ಸ್ವಲ್ಪ ಉದಾರವಾಗಿರಿ. ಬೈಗುಳವಾದರೆ ಅಳಿಸಿ, ಯಾರೋ ತಾಳ್ಮೆಯಿಂದ ಬಿಡಿಸಿದ್ದಾದರೆ ಬಿಟ್ಟುಬಿಡಿ. ಇಲಿಗಳಿಗೆ ಬೋನು ಇಡುವ ಮೊದಲೂ ಯೋಚಿಸಿ, ಸತ್ತ ಆಟಗಾರರೇ ಎಷ್ಟೋ ಸಲ ಇಲಿಯಾಗಿ ಮರಳಿರುತ್ತಾರೆ.

ಕೊನೆಯಲ್ಲಿ ಎಲ್ಲರನ್ನೂ ಕರೆದೊಯ್ಯುವ ತುರ್ತು ಶಟಲ್ ನೌಕೆ ನಿಲ್ದಾಣದತ್ತ ಹೊರಟಿದೆ ಎಂಬ ಘೋಷಣೆ ಕೇಳಿದೊಡನೆ ನಿರ್ಗಮನ ದ್ವಾರದ ಸುತ್ತ ಒರೆಸುವುದನ್ನು ನಿಲ್ಲಿಸಿ. ಇಡೀ ಊರು ಅಲ್ಲಿಗೇ ಓಡಿಬರುತ್ತದೆ, ಕಲೆ ಇದ್ದರೆ ಇರಲಿ. ಈಗಾಗಲೇ ಒದ್ದೆಯಾದ ಚೌಕಗಳಿದ್ದರೆ ಅಲ್ಲಿ ಫಲಕ ಇಟ್ಟು, ಮಾಪ್ ಕೈಯಲ್ಲೇ ಹಿಡಿದು ಶಟಲ್ ಹತ್ತಿ. ದಾರಿಯುದ್ದಕ್ಕೂ ಹೊಡೆದಾಟ ನಡೆಯುವುದರಿಂದ ಅದರೊಳಗೂ ಒರೆಸಲು ಬೇಕಾದಷ್ಟು ಸಿಗುತ್ತದೆ.