ನೈಟ್ರೋ ಕೋಲ್ಡ್ ಬ್ರೂನಲ್ಲಿ ನೊರೆ ಬಾರದಿದ್ದರೆ

ನೈಟ್ರೋ ಕೋಲ್ಡ್ ಬ್ರೂ ಎಂದರೆ ನೈಟ್ರೋಜನ್ ತುಂಬಿದ ತಣ್ಣನೆಯ ಕಾಫಿ. ನನ್ನ ಕೆಗ್‌ನಿಂದ (ಒತ್ತಡ ತಡೆಯುವ ಲೋಹದ ಪೀಪಾಯಿ) ಕಾಫಿ ಸಪ್ಪೆಯಾಗಿ ಬೀಳುತ್ತಿತ್ತು. ಲೋಟದಲ್ಲಿ ಕೆನೆನೊರೆಯೂ ಇಲ್ಲ, ಕೆಳಗಿಳಿಯುವ ಗುಳ್ಳೆಗಳೂ ಇಲ್ಲ. ಒತ್ತಡ ಏರಿಸಿದರೆ ಕಾಫಿ ಚಿಮ್ಮಿತು, ಅಷ್ಟೇ. ಕಾರ್ಬನ್ ಡೈಆಕ್ಸೈಡ್ ಬೆರೆಸಿದರೆ ಹುಳಿ. ಸ್ಟೌಟ್ ಬಿಯರ್‌ಗೆ ಬಳಸುವ, ಒಳಗೆ ಸಣ್ಣ ತೂತುಗಳ ಬಿಲ್ಲೆಯಿರುವ ನಲ್ಲಿಯನ್ನು ಕೆಗ್‌ಗೆ ಹಾಕಿದರೂ ಅರ್ಧ ಪರಿಹಾರ.

ನೈಟ್ರೋಜನ್ ನೀರಿನಲ್ಲಿ ಕರಗುವುದು ತೀರಾ ಕಡಿಮೆ. ಮೇಲಿನಿಂದ ಒತ್ತಿದರೆ ಬೇಗ ಇಳಿಯದು. ತಳದಿಂದ ಕೊಡಬೇಕು. ಕಾಫಿಯನ್ನು ಪೇಪರ್ ಫಿಲ್ಟರ್‌ನಲ್ಲಿ ಸೋಸಿ (ಚರಟ ಉಳಿದರೆ ನಲ್ಲಿಯೊಳಗಿನ ಬಿಲ್ಲೆಯ ತೂತುಗಳು ಕಟ್ಟುತ್ತವೆ), ಕೆಗ್ ಮುಕ್ಕಾಲು ತುಂಬಿ, 3 ಡಿಗ್ರಿ ಸೆಲ್ಸಿಯಸ್‌ಗೆ ತಣಿಸಿ, ಒಳಗಿನ ಗಾಳಿ ಹೊರಬಿಡಿ. ರೆಗ್ಯುಲೇಟರ್ (ಸಿಲಿಂಡರ್‌ನ ಒತ್ತಡ ತಗ್ಗಿಸುವ ಸಾಧನ) ಮೊದಲೇ 40 ಪಿಎಸ್ಐಗೆ (ಒತ್ತಡದ ಅಳತೆ) ಇಟ್ಟು, ಗ್ಯಾಸ್ ಪೈಪನ್ನು ಕೆಗ್‌ನಿಂದ ಕಾಫಿ ಹೊರಬರುವ ಪೋಸ್ಟ್‌ಗೆ (ಪೈಪ್ ಸಿಕ್ಕಿಸುವ ಮೂತಿ) ಸಿಕ್ಕಿಸಿ; ಅದರ ಕೊಳವೆ ತಳದವರೆಗೂ ಇರುತ್ತದೆ. ಗುಳುಗುಳು ನಿಲ್ಲುವವರೆಗೂ ಕೆಗ್ ಅಲ್ಲಾಡಿಸಿ. ಪೈಪನ್ನು ಗ್ಯಾಸ್ ಪೋಸ್ಟ್‌ಗೆ ಮರಳಿಸಿ, ಅದೇ ಒತ್ತಡದಲ್ಲಿ ಒಂದಿಡೀ ದಿನ ಫ್ರಿಜ್‌ನಲ್ಲಿಡಿ. ಸುರಿಯುವಾಗ 35 ಸಾಕು.

ಸಿಲಿಂಡರ್‌ಗೆ ನೈಟ್ರೋಜನ್ ರೆಗ್ಯುಲೇಟರನ್ನೇ ಹಾಕಿ. ಸಿಲಿಂಡರ್ ತುಂಬಿದ್ದಾಗ ಒಳಗಿನ ಒತ್ತಡ 2000 ಪಿಎಸ್ಐ ಆಸುಪಾಸು ಇರುತ್ತದೆ.