ಕರುಳಿನ ಕ್ಯಾನ್ಸರ್‌ನ ಸುಳಿವು ಹುಡುಕುವ ಎಲೈಸಾ: ನಾವು ಮಾಡುವ ಬಗೆ

ಸ್ಟ್ರೆಪ್ಟೊಕಾಕಸ್ ಗ್ಯಾಲೊಲಿಟಿಕಸ್ ಎಂಬ ಬ್ಯಾಕ್ಟೀರಿಯಾ ಹೃದಯದ ಕವಾಟಕ್ಕೆ ಸೋಂಕು ತಂದಿದ್ದರೆ ಕೊಲೊನೋಸ್ಕೋಪಿ (ದೊಡ್ಡ ಕರುಳಿನ ಒಳಗನ್ನು ಕ್ಯಾಮೆರಾದಿಂದ ನೋಡುವ ಪರೀಕ್ಷೆ) ಮಾಡಿಸಬೇಕೆಂಬುದು ವೈದ್ಯರಿಗೆ ಹಳೆಯ ಪಾಠ. ಆ ಬ್ಯಾಕ್ಟೀರಿಯಾವನ್ನು ಸ್ಟ್ರೆಪ್ಟೊಕಾಕಸ್ ಬೋವಿಸ್ ಎಂದು ಕರೆಯುತ್ತಿದ್ದ ಕಾಲದಲ್ಲೇ, 1977ರಲ್ಲಿ, ಕರುಳಿನ ಕ್ಯಾನ್ಸರ್ ಜೊತೆಗಿನ ನಂಟು ವರದಿಯಾಗಿತ್ತು. ಗೆಡ್ಡೆ ಬೆಳೆದ ಕಡೆ ಕರುಳಿನ ಒಳಪದರ ಸಡಿಲವಾಗಿ ಬ್ಯಾಕ್ಟೀರಿಯಾ ಒಳಗೆ ನುಸುಳಿದರೆ ರಕ್ತದಲ್ಲಿ ಪ್ರತಿಕಾಯ ಏಳಬೇಕು. ಎಲೈಸಾ ಎಂದರೆ ಪ್ರತಿಕಾಯವನ್ನು ಬಣ್ಣದ ಮೂಲಕ ಅಳೆಯುವ ಪರೀಕ್ಷೆ. ಅದರಲ್ಲಿ ನಾವು ಅಳೆಯುವುದು ಈ ಬ್ಯಾಕ್ಟೀರಿಯಾದ ಎರಡು ಪೈಲಸ್ (ಮೈಮೇಲಿನ ಕೂದಲಿನಂಥ ಎಳೆ) ಪ್ರೋಟೀನುಗಳ ವಿರುದ್ಧದ ಐಜಿಜಿ ಎಂಬ ಬಗೆಯ ಪ್ರತಿಕಾಯವನ್ನು: ಗ್ಯಾಲೊ2178 ಮತ್ತು ಗ್ಯಾಲೊ2179.

ಪ್ರೋಟೀನನ್ನು 9.6 ಪಿಎಚ್‌ನ ಕಾರ್ಬೊನೇಟ್ ಬಫರ್‌ನಲ್ಲಿ ಮಿಲಿಲೀಟರಿಗೆ 2 ಮೈಕ್ರೋಗ್ರಾಂನಂತೆ ಕರಗಿಸಿ, ಪ್ಲೇಟ್‌ನ ಪ್ರತಿ ವೆಲ್‌ಗೆ (ಪುಟ್ಟ ಕುಳಿಗೆ) 100 ಮೈಕ್ರೋಲೀಟರ್ ಹಾಕಿ, ರಾತ್ರಿಯಿಡೀ 4 ಡಿಗ್ರಿಯಲ್ಲಿ ಇಡುತ್ತೇವೆ. ಬೆಳಿಗ್ಗೆ 0.05% ಟ್ವೀನ್ (ಒಂದು ಮಾರ್ಜಕ) ಬೆರೆಸಿದ ಪಿಬಿಎಸ್ ಎಂಬ ಉಪ್ಪಿನ ಬಫರ್‌ನಲ್ಲಿ ತೊಳೆದು, ಒಂದು ಗಂಟೆ ಕೇಸೀನ್ ಎಂಬ ಹಾಲಿನ ಪ್ರೋಟೀನಿನಿಂದ ಬ್ಲಾಕ್ ಮಾಡುತ್ತೇವೆ, ಅಂದರೆ ವೆಲ್‌ನ ಖಾಲಿ ಜಾಗ ಮುಚ್ಚುತ್ತೇವೆ.

ನಿಜವಾದ ಕಷ್ಟ ಮುಂದಿದೆ. ಈ ಪ್ರೋಟೀನುಗಳು ತಯಾರಾಗುವುದು ಇ. ಕೋಲೈ ಎಂಬ ಬ್ಯಾಕ್ಟೀರಿಯಾದಲ್ಲಿ, ಜಿಎಸ್‌ಟಿ ಎಂಬ ಇನ್ನೊಂದು ಪ್ರೋಟೀನು ಬಾಲದಂತೆ ಅಂಟಿಕೊಂಡು. ಇ. ಕೋಲೈ ವಿರುದ್ಧದ ಪ್ರತಿಕಾಯ ಆರೋಗ್ಯವಂತರ ರಕ್ತದಲ್ಲೂ ಧಾರಾಳವಾಗಿರುತ್ತದೆ. ಶುದ್ಧೀಕರಣದಲ್ಲಿ ಉಳಿದ ಚೂರುಪಾರಿಗೆ ಅದು ಅಂಟಿದರೆ ವೆಲ್ ಹಳದಿಯಾಗುತ್ತದೆ, ಫಲಿತಾಂಶ ಮಾತ್ರ ಸುಳ್ಳು. ಆದ್ದರಿಂದ ಸೀರಮ್ಮನ್ನು (ರಕ್ತದಿಂದ ಬೇರ್ಪಡಿಸಿದ ತಿಳಿದ್ರವ) ವೆಲ್‌ಗೆ ಹಾಕುವ ಮೊದಲೇ, ಬರೀ ಜಿಎಸ್‌ಟಿ ತಯಾರಿಸುವ ಇ. ಕೋಲೈನ ರಸದಲ್ಲಿ ಒಂದು ಗಂಟೆ ನೆನೆಸುತ್ತೇವೆ. ಪ್ರತಿ ಮಾದರಿಗೂ ಬರೀ ಜಿಎಸ್‌ಟಿ ಇರುವ ವೆಲ್ ಒಂದನ್ನು ಇಟ್ಟು, ಅದರ ಓದನ್ನು ಕಳೆಯುತ್ತೇವೆ. ಸಮಯ ಉಳಿಸಲು ಈ ಹಂತ ಬಿಡುವುದು ಸಲ್ಲದು.

ಸೀರಮ್ ವೆಲ್‌ಗೆ ಹಾಕಿದ ಆಮೇಲೆ ಎಚ್‌ಆರ್‌ಪಿ ಎಂಬ ಕಿಣ್ವ ಜೋಡಿಸಿದ ಐಜಿಜಿ-ವಿರೋಧಿ ಪ್ರತಿಕಾಯ, ಆ ಕಿಣ್ವದಿಂದ ಬಣ್ಣ ಪಡೆಯುವ ಟಿಎಂಬಿ, ಕ್ರಿಯೆ ನಿಲ್ಲಿಸಲು ಗಂಧಕಾಮ್ಲ, 450 ನ್ಯಾನೋಮೀಟರ್ ಬೆಳಕಿನಲ್ಲಿ ಓದು. ಒಂದೇ ಮಾದರಿಯ ಜೋಡಿ ವೆಲ್‌ಗಳ ಸಿವಿ (ಸರಾಸರಿಗೆ ಹೋಲಿಸಿದ ಏರುಪೇರು) 15% ದಾಟಿದರೆ ಮರುಪರೀಕ್ಷೆ. ಅಂಚಿನ ವೆಲ್‌ಗಳು ಬೇಗ ಬಿಸಿಯಾಗುತ್ತವೆ, ಆರುತ್ತವೆ. ಅಲ್ಲಿ ಬಫರ್ ಮಾತ್ರ ತುಂಬಿಸಿ. ರೋಗಿಗಳ ಸೀರಮ್ ಒಂದು ಪ್ಲೇಟ್‌ನಲ್ಲಿ, ಆರೋಗ್ಯವಂತರದು ಇನ್ನೊಂದರಲ್ಲಿ ಹಾಕಿದರೆ ಪ್ಲೇಟ್‌ಗಳ ನಡುವಿನ ವ್ಯತ್ಯಾಸವೇ ಕ್ಯಾನ್ಸರ್‌ನಂತೆ ಕಾಣುತ್ತದೆ. ಒಂದೇ ಪ್ಲೇಟ್‌ನಲ್ಲಿ, ಯಾರದೆಂದು ತಿಳಿಯದ ಹಾಗೆ ಬೆರೆಸಿ ಹಾಕಬೇಕು. ಕಟ್‌ಆಫ್ (ಪಾಸಿಟಿವ್ ಎನ್ನಲು ದಾಟಬೇಕಾದ ಮಟ್ಟ) ಕೂಡ ಯಾವ ಮಾದರಿ ಯಾರದೆಂಬ ಗುರುತು ಬಿಚ್ಚುವ ಮೊದಲೇ ಗೊತ್ತುಮಾಡಿರಬೇಕು.

ಎರಡೂ ಪ್ರೋಟೀನುಗಳಿಗೆ ಒಟ್ಟಿಗೆ ಪಾಸಿಟಿವ್ ಬಂದದ್ದಕ್ಕೇ ನಾನು ಹೆಚ್ಚು ಬೆಲೆ ಕೊಡುವುದು. ಫ್ಯೂಸೊಬ್ಯಾಕ್ಟೀರಿಯಂ ನ್ಯೂಕ್ಲಿಯೇಟಂ ಎಂಬ ಇನ್ನೊಂದು ಬ್ಯಾಕ್ಟೀರಿಯಾ ಕರುಳಿನ ಗೆಡ್ಡೆಯಲ್ಲಿ ಹೇರಳವಾಗಿರುವುದು 2012ರಲ್ಲೇ ಗೊತ್ತಾದರೂ ಅದು ಬಾಯಲ್ಲೂ ವಾಸಿಸುವ ಜೀವಿ. ಅದರ ಪ್ರತಿಕಾಯ ಒಸಡಿನ ರೋಗದಿಂದಲೂ ಏರಬಹುದು. ಇವೆಲ್ಲ ಗುಂಪುಗಳ ನಡುವಿನ ವ್ಯತ್ಯಾಸ ತೋರಿಸುವ ಅಳತೆಗಳು, ಒಬ್ಬ ವ್ಯಕ್ತಿಯ ರೋಗನಿರ್ಣಯವಲ್ಲ. ಮಲದಲ್ಲಿ ರಕ್ತ ಕಂಡವರಿಗೆ ಇದು ನೆಗೆಟಿವ್ ಬಂತೆಂದು ಕೊಲೊನೋಸ್ಕೋಪಿ ಮುಂದೂಡುವಂತಿಲ್ಲ.