ನಾಲ್ಕೂ ಹತ್ತಕ್ಕೆ ನಿಂತ ಗಡಿಯಾರ: ರಜೆ ಮುಗಿಸಿ ಕಾಲೇಜಿಗೆ ಮರಳಿದ ನನ್ನ ಅನುಭವ

ಕಳೆದ ವರ್ಷ ಬೇಸಿಗೆ ರಜೆ ಮುಗಿಸಿಕೊಂಡು ಬಂದು ಹಾಸ್ಟೆಲ್ ರೂಮಿನ ಬೀಗ ತೆಗೆದಾಗ ನನ್ನನ್ನು ಮೊದಲು ಎದುರುಗೊಂಡದ್ದು ವಾಸನೆ. ಎಲ್ಲೋ ಇಲಿ ಸತ್ತಿದೆ ಅಂದುಕೊಂಡೆ. ಮಂಚ ಎಳೆದೆ, ಕಪಾಟು ಸರಿಸಿದೆ, ಹಳೇ ಪುಸ್ತಕಗಳ ಗಂಟನ್ನೆಲ್ಲ ಬಿಚ್ಚಿದೆ. ಅರ್ಧ ದಿನ ಹೋಯಿತು, ಇಲಿ ಸಿಗಲಿಲ್ಲ. ಪಕ್ಕದ ರೂಮಿನ ನಲ್ಲಿ ರಿಪೇರಿಗೆ ಬಂದಿದ್ದ ಪ್ಲಂಬರ್ ಬಾಗಿಲಲ್ಲೇ ನಿಂತು ಒಮ್ಮೆ ಮೂಗೆಳೆದು, "ಇಲಿ ಅಲ್ಲಮ್ಮಾ, ಬಚ್ಚಲಿನ ಟ್ರ್ಯಾಪ್ ಒಣಗಿದೆ. ಒಂದು ಬಕೆಟ್ ನೀರು ಹುಯ್ದು ನೋಡು" ಅಂದರು.

ನೀರು ಹುಯ್ದೆ. ಕಿಟಕಿ ತೆಗೆದಿಟ್ಟ ಮೇಲೆ ಅರ್ಧ ಗಂಟೆಯಲ್ಲಿ ವಾಸನೆ ಹೋಯಿತು. ಬಚ್ಚಲ ನೀರು ಹೋಗುವ ಕಡೆ ಒಂದು ಬಾಗಿದ ಜಾಗ ಇರುತ್ತದಂತೆ. ಅಲ್ಲಿ ಸದಾ ಒಂದಿಷ್ಟು ನೀರು ನಿಂತಿರುತ್ತದೆ. ಚರಂಡಿಯ ಗಾಳಿ ಒಳಗೆ ಬರದಂತೆ ತಡೆಯುವುದು ಆ ನೀರೇ, ಬೇರೆ ಬಾಗಿಲು ಅಂತ ಏನೂ ಇಲ್ಲ. ಎರಡು ತಿಂಗಳು ಯಾರೂ ಬಳಸದಿದ್ದರೆ ಅದು ಆವಿಯಾಗಿ ದಾರಿ ತೆರೆದುಕೊಳ್ಳುತ್ತದೆ. ಎರಡು ವರ್ಷ ವಿಜ್ಞಾನ ಓದಿದವಳಿಗೆ ಇದು ಗೊತ್ತಿರಲಿಲ್ಲ ಅಂತ ನಾಚಿಕೆಯಾಯಿತು.

ಅವತ್ತು ಕಂಡ ಇನ್ನೊಂದು ವಿಷಯ ಮೇಜಿನ ಮೇಲಿನ ಗಡಿಯಾರ. ನಾಲ್ಕೂ ಹತ್ತಕ್ಕೆ ನಿಂತಿತ್ತು. ಹಿಂದಿನ ಮುಚ್ಚಳ ತೆಗೆದರೆ ಸೆಲ್ ಸೋರಿ, ಸ್ಪ್ರಿಂಗ್ ಸುತ್ತ ಬಿಳಿ ಹರಳು ಹರಳಾಗಿ ಕಟ್ಟಿಕೊಂಡಿತ್ತು. ಆಲ್ಕಲೈನ್ ಸೆಲ್ಲಿನೊಳಗಿರುವುದು ಪೊಟ್ಯಾಸಿಯಂ ಹೈಡ್ರಾಕ್ಸೈಡ್, ಅಂದರೆ ಕ್ಷಾರ. ಅದು ಹೊರಗೆ ಬಂದು ಗಾಳಿಯ ಇಂಗಾಲದ ಡೈಆಕ್ಸೈಡ್ ಜೊತೆ ಸೇರಿದರೆ ಹೀಗೆ ಬಿಳಿಯಾಗಿ ಗಟ್ಟಿಯಾಗುತ್ತದೆ. ಬರಿಗೈಯಲ್ಲಿ ಮುಟ್ಟಬಾರದು. ಹತ್ತಿಕಡ್ಡಿಗೆ ವಿನೆಗರ್ ಹಚ್ಚಿ ಉಜ್ಜಿದರೆ ಸಣ್ಣಗೆ ನೊರೆ ಬಂದು ಬಿಡುತ್ತದೆ. ಆಮೇಲೆ ಒದ್ದೆ ಬಟ್ಟೆಯಲ್ಲಿ ಒರೆಸಿ ಪೂರ್ತಿ ಒಣಗಿಸಿ ಹೊಸ ಸೆಲ್ ಹಾಕಬೇಕು. ಗಡಿಯಾರವೇನೋ ಸರಿಹೋಯಿತು.

ಸರಿಹೋಗದೆ ಉಳಿದವಳು ನಾನು. ಮೊದಲ ವಾರದ ತರಗತಿಯಲ್ಲಿ ಮೇಷ್ಟ್ರು, "ಇದು ಹಿಂದಿನ ಸೆಮಿಸ್ಟರ್‌ನಲ್ಲಿ ಆಗಿದೆಯಲ್ಲ" ಅಂತ ಮ್ಯಾಟ್ರಿಕ್ಸ್ ಗಣಿತದ ಐಗನ್‌ವ್ಯಾಲ್ಯೂ ಅನ್ನುವ ಲೆಕ್ಕವನ್ನು ಬೋರ್ಡಿನ ಮೇಲೆ ಬಿಟ್ಟು ಮುಂದೆ ಹೋದರು. ನಾನು ಅಲ್ಲೇ ಉಳಿದೆ. ರಾತ್ರಿ ರೂಮಿಗೆ ಬಂದು ಹಳೇ ನೋಟ್ಸ್ ತೆರೆದೆ. ಸರಿಯಾದ ಪುಟ ಸಿಕ್ಕಿತು. ಅಂಚಿನಲ್ಲಿ ಕೆಂಪು ಪೆನ್ನಿನ ಬಾಣ, ಅದರ ಪಕ್ಕ ನನ್ನದೇ ಕೈಬರಹ: "ಇದು ತುಂಬಾ ಮುಖ್ಯ, ಯಾಕೆಂದರೆ". ಅಷ್ಟೇ. ಆ 'ಯಾಕೆಂದರೆ' ಆದಮೇಲೆ ಖಾಲಿ ಜಾಗ. ಬರೆಯುವಾಗ ಎಷ್ಟು ಸ್ಪಷ್ಟವಾಗಿತ್ತೆಂದರೆ ಪೂರ್ತಿ ಮಾಡುವ ಅಗತ್ಯವೇ ಕಂಡಿರಲಿಲ್ಲವೇನೋ. ಆ ಪುಟದ ಮುಂದೆ ಕೂತಷ್ಟು ಹೊತ್ತು ನನ್ನ ಮೇಲೆ ನನಗೇ ಸಿಟ್ಟು.

ಈ ವರ್ಷ ಹಾಗಾಗಬಾರದು ಅಂತ ಕೆಲವು ಕೆಲಸ ಮಾಡಿದೆ. ಎಲ್ಲವೂ ಫಲಿಸಲಿಲ್ಲ. ಆದರೆ ಹೆಚ್ಚು ಕೆಲಸಕ್ಕೆ ಬಂದದ್ದು ರಜೆಯ ಕೊನೆಯಲ್ಲಿ ಮಾಡಿದ್ದಲ್ಲ, ರಜೆ ಶುರುವಾಗುವ ಹಿಂದಿನ ಸಂಜೆ ಮಾಡಿದ್ದು.

ಕೊನೆಯ ಪರೀಕ್ಷೆ ಮುಗಿದ ದಿನ ಎಲ್ಲರೂ ಬ್ಯಾಗು ಎಳೆದುಕೊಂಡು ಹೊರಡುತ್ತಿದ್ದಾಗ ಮೇಜಿನ ಮುಂದೆ ಕೂತು ನನಗೆ ನಾನೇ ಒಂದು ಕಾಗದ ಬರೆದೆ. ಒಂದೂವರೆ ಪುಟ. ಯಾವ ವಿಷಯ ಎಲ್ಲಿಗೆ ನಿಂತಿದೆ, ಯಾವುದು ನಿಜವಾಗಿ ಅರ್ಥವಾಗಿದೆ, ಯಾವುದನ್ನು ಬರೀ ಬಾಯಿಪಾಠದಲ್ಲಿ ದಾಟಿಸಿದ್ದೇನೆ. ಈ ಕೊನೆಯದನ್ನು ಬರೆಯುವಾಗ ಕೈ ತಡೆಯಿತು, ಆದರೂ ಬರೆದೆ: "ಫೋರಿಯರ್ ಸರಣಿಯಲ್ಲಿ ಸೈನ್ ಮಾತ್ರ ಯಾವಾಗ ಉಳಿಯುತ್ತದೆ ಅಂತ ಗೊತ್ತು, ಯಾಕೆ ಅಂತ ಗೊತ್ತಿಲ್ಲ. ಬಂದ ವಾರವೇ ಹೋಗಿ ಕೇಳು. ಮತ್ತೆ ನಾಚಿಕೊಂಡು ಕೂರಬೇಡ." (ಫೋರಿಯರ್ ಸರಣಿ ಅಂದರೆ ಒಂದು ಫಂಕ್ಷನ್ನನ್ನು ಸೈನ್, ಕೊಸೈನ್ ಅನ್ನುವ ಅಲೆಗಳ ಮೊತ್ತವಾಗಿ ಬರೆಯುವುದು.) ಅದರ ಕೆಳಗೆ ಸಣ್ಣಪುಟ್ಟವು: ಕಪಾಟಿನ ಕೀಲಿ ಜಾಮೆಟ್ರಿ ಬಾಕ್ಸಿನಲ್ಲಿದೆ, ಲೈಬ್ರರಿಯ ಒಂದು ಪುಸ್ತಕ ಗೆಳತಿಯ ಹತ್ತಿರ ಉಳಿದಿದೆ, ಬಂದ ತಕ್ಷಣ ಬಚ್ಚಲಿಗೆ ನೀರು ಹುಯ್ಯಿ. ಗಡಿಯಾರದ ಸೆಲ್ ತೆಗೆದು ಪಕ್ಕದಲ್ಲಿಟ್ಟೆ. ಹಾಸಿಗೆಯನ್ನು ಗೋಡೆಗೆ ಒರಗಿಸಿ ನಿಲ್ಲಿಸಿದೆ. ನೆಲಕ್ಕೆ ಅಂಟಿಕೊಂಡು ಮಲಗಿದ ಹಾಸಿಗೆ ತೇವ ಹಿಡಿದು ಬೂಷ್ಟು ಕಟ್ಟುತ್ತದೆ ಅನ್ನುವುದು ಹಿಂದಿನ ವರ್ಷದ ಇನ್ನೊಂದು ಪಾಠ, ಅದನ್ನು ವಿವರಿಸಲು ಹೋಗುವುದಿಲ್ಲ.

ರಜೆಯ ಮೊದಲ ಒಂದೂವರೆ ತಿಂಗಳು ನಾನು ಏನೂ ಮಾಡಲಿಲ್ಲ. ಇದಕ್ಕೆ ಯಾವ ಪಶ್ಚಾತ್ತಾಪವೂ ಇಲ್ಲ. ರಜೆಯಿಡೀ ದಿನಕ್ಕೆರಡು ಗಂಟೆ ಓದುತ್ತೇನೆ ಅನ್ನುವವರನ್ನು ಮೂರು ವರ್ಷದಿಂದ ನೋಡುತ್ತಿದ್ದೇನೆ. ಅವರು ಓದುವುದೂ ಇಲ್ಲ, ರಜೆಯನ್ನು ನೆಮ್ಮದಿಯಾಗಿ ಅನುಭವಿಸುವುದೂ ಇಲ್ಲ.

ನಿಜವಾದ ಕಷ್ಟ ನಿದ್ದೆಯದು. ರಾತ್ರಿ ಎರಡೂವರೆಗೆ ಮಲಗಿ ಬೆಳಿಗ್ಗೆ ಹತ್ತೂವರೆಗೆ ಏಳುವುದು ಅಭ್ಯಾಸವಾಗಿತ್ತು. ಕಾಲೇಜು ಶುರುವಾದರೆ ಏಳಕ್ಕೆ ಏಳಬೇಕು. ಕಳೆದ ವರ್ಷ, "ಹಿಂದಿನ ರಾತ್ರಿ ಬೇಗ ಮಲಗಿದರಾಯಿತು" ಅಂದುಕೊಂಡು ಹತ್ತೂವರೆಗೇ ದೀಪ ಆರಿಸಿ ಎರಡರವರೆಗೆ ಸೂರು ನೋಡಿಕೊಂಡು ಬಿದ್ದಿದ್ದೆ. ಬಯಾಲಜಿ ಓದುವ ನನ್ನ ರೂಮ್‌ಮೇಟ್ ಆಗ ನಕ್ಕಿದ್ದಳು. ಮೈಯೊಳಗಿನ ಗಡಿಯಾರದ ಕೆಲಸ ಜೀನ್ ಮಟ್ಟದಲ್ಲಿ ಹೇಗೆ ನಡೆಯುತ್ತದೆ ಅಂತ ಹಣ್ಣಿನ ನೊಣಗಳಲ್ಲಿ ಕಂಡುಹಿಡಿದ ಮೂವರಿಗೆ 2017ರಲ್ಲಿ ನೊಬೆಲ್ ಬಂದಿದೆ, ನೀನು ಒಂದೇ ರಾತ್ರಿಯಲ್ಲಿ ಅದನ್ನು ತಿರುಗಿಸಲು ಹೊರಟಿದ್ದೀಯಲ್ಲ ಅಂತ. ಅವಳಿಂದ ತಿಳಿದದ್ದು ಇಷ್ಟು: ಹೊರಗಿನ ಬೆಳಕಿನ ಸುಳಿವು ಸಿಗದಿದ್ದರೆ ನಮ್ಮ ಮೈಯ ದಿನ ಸರಾಸರಿ 24 ಗಂಟೆಗಿಂತ ಹತ್ತು ನಿಮಿಷದಷ್ಟು ಉದ್ದ. ಹಾಗಾಗಿ ತಡಮಾಡುತ್ತ ಹೋಗುವುದು ಸುಲಭ, ಹಿಂದಕ್ಕೆಳೆಯುವುದು ಕಷ್ಟ. ಎಳೆಯಬೇಕಾದರೆ ಮಲಗುವ ಹೊತ್ತನ್ನಲ್ಲ, ಏಳುವ ಹೊತ್ತನ್ನು ಹಿಡಿಯಬೇಕು. ಎದ್ದ ಕೂಡಲೇ ಬೆಳಕಿಗೆ ಹೋಗಬೇಕು.

ಲೆಕ್ಕ ಹಾಕಿದೆ. ಹತ್ತೂವರೆಯಿಂದ ಏಳಕ್ಕೆ ಮೂರೂವರೆ ಗಂಟೆ. ಎರಡು ದಿನಕ್ಕೊಮ್ಮೆ ಅರ್ಧ ಗಂಟೆ ಕಡಿಮೆ ಮಾಡಿದರೆ 14 ದಿನ. ಹೊರಡುವ 14 ದಿನ ಮೊದಲು ಶುರು ಮಾಡಿದೆ. ಎದ್ದವಳೇ ಮುಖ ಕೂಡ ತೊಳೆಯದೆ ಮನೆಯ ಹೊರಗೆ ಮೆಟ್ಟಿಲ ಮೇಲೆ ಹೋಗಿ ಕೂರುತ್ತಿದ್ದೆ, ಇಪ್ಪತ್ತು ನಿಮಿಷ. "ಏನೇ ಇದು, ಯಾರನ್ನ ಕಾಯ್ತಾ ಇದೀಯ?" ಅಂತ ಅಮ್ಮ ಎರಡು ದಿನ ಕೇಳಿದರು, ಮೂರನೇ ದಿನ ಅವರೂ ಬಂದು ಪಕ್ಕದಲ್ಲಿ ಕೂತರು. ಸಂಜೆಯ ಕಾಫಿ ಬಿಟ್ಟೆ. ಕೆಫೀನ್ ಅರ್ಧಕ್ಕಿಳಿಯಲು ಸುಮಾರು ಐದು ಗಂಟೆ ಬೇಕು, ಅಂದರೆ ಸಂಜೆ ಆರಕ್ಕೆ ಕುಡಿದದ್ದರ ಅರ್ಧ ರಾತ್ರಿ ಹನ್ನೊಂದಕ್ಕೂ ಮೈಯಲ್ಲೇ ಇರುತ್ತದೆ. ಒಂಬತ್ತನೇ ದಿನ ಮನೆಗೆ ನೆಂಟರು ಬಂದು ಮೂರು ರಾತ್ರಿ ಹರಟೆಯಲ್ಲಿ ಕಳೆದು, ಪಟ್ಟಿಯೆಲ್ಲ ಕೆಟ್ಟಿತು. ಆದ್ದರಿಂದ ನಾನು ಮುಟ್ಟಿದ್ದು ಏಳು ಗಂಟೆಯನ್ನಲ್ಲ, ಎಂಟನ್ನು. ಉಳಿದ ಒಂದು ಗಂಟೆಯನ್ನು ಹಾಸ್ಟೆಲಿನಲ್ಲಿ ಕಣ್ಣುಜ್ಜಿಕೊಂಡೇ ತೀರಿಸಿದೆ.

ಓದಿನ ವಿಷಯಕ್ಕೆ ಬರುತ್ತೇನೆ. ಕೊನೆಯ ಹತ್ತು ದಿನ ದಿನಕ್ಕೆ ನಲವತ್ತು ನಿಮಿಷ, ಅದಕ್ಕಿಂತ ಹೆಚ್ಚಿಲ್ಲ. ಆದರೆ ನೋಟ್ಸ್ ತೆರೆಯಲಿಲ್ಲ. ಖಾಲಿ ಹಾಳೆ ಇಟ್ಟುಕೊಂಡು, ಒಂದು ಪಾಠದ ಹೆಸರು ಬರೆದು, ನೆನಪಿರುವುದನ್ನಷ್ಟೇ ಬರೆಯುವುದು. ಮೊದಲ ದಿನ ಬೇಕೆಂತಲೇ ಐಗನ್‌ವ್ಯಾಲ್ಯೂ ತೆಗೆದುಕೊಂಡೆ. ಮೇಲಿನ ಸಾಲಿನಲ್ಲಿ 2 ಮತ್ತು 1, ಕೆಳಗಿನ ಸಾಲಿನಲ್ಲಿ 1 ಮತ್ತು 2 ಇರುವ ಮ್ಯಾಟ್ರಿಕ್ಸ್. ಕರ್ಣದಿಂದ ಏನನ್ನೋ ಕಳೆಯಬೇಕು ಅನ್ನುವುದು ನೆನಪಾಯಿತು, ಮುಂದೆ ಏನಂತ ಹೊಳೆಯಲಿಲ್ಲ. ಇಪ್ಪತ್ತು ನಿಮಿಷ ಒದ್ದಾಡಿದೆ. ಡಿಟರ್ಮಿನೆಂಟ್ (ಮ್ಯಾಟ್ರಿಕ್ಸಿನಿಂದ ಲೆಕ್ಕ ಹಾಕಿ ತೆಗೆಯುವ ಒಂದು ಸಂಖ್ಯೆ) ಸೊನ್ನೆ ಮಾಡಬೇಕು ಅಂತ ತಟ್ಟನೆ ಹೊಳೆದದ್ದು ಪೆನ್ನು ಕೆಳಗಿಟ್ಟು ನೀರು ಕುಡಿಯಲು ಎದ್ದಾಗ. ಬಂದು ಮಾಡಿದೆ: ಐಗನ್‌ವ್ಯಾಲ್ಯೂ 3 ಮತ್ತು 1. ಈ ಮ್ಯಾಟ್ರಿಕ್ಸ್ ಒಂದು ದಿಕ್ಕಿನ ಬಾಣವನ್ನು ಮೂರು ಪಟ್ಟು ಎಳೆಯುತ್ತದೆ, ಅದಕ್ಕೆ ಲಂಬವಾಗಿರುವುದನ್ನು ಇದ್ದ ಹಾಗೇ ಬಿಡುತ್ತದೆ. ದಿಕ್ಕು ಬದಲಾಗದೆ ಉಳಿಯುವ ಬಾಣಗಳು ಇವು! ಕೆಂಪು ಪೆನ್ನಿನ 'ಯಾಕೆಂದರೆ' ಮುಂದೆ ಬರಬೇಕಾಗಿದ್ದದ್ದು ಇದೇ ಇರಬೇಕು. ಆ ಹಳೇ ಪುಟ ಹುಡುಕಿ ಖಾಲಿ ಜಾಗ ತುಂಬಿಸಿದೆ, ನೀಲಿ ಪೆನ್ನಿನಲ್ಲಿ.

ಇದು ನಾನೇ ಕಂಡುಕೊಂಡ ಉಪಾಯವಲ್ಲ. ಅಮೆರಿಕದ ಮನಶ್ಶಾಸ್ತ್ರಜ್ಞರಾದ ರೋಡಿಗರ್ ಮತ್ತು ಕಾರ್ಪಿಕೆ 2006ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಕೆಲವು ವಿದ್ಯಾರ್ಥಿಗಳು ಪಾಠವನ್ನು ಎರಡು ಸಲ ಓದಿದರು, ಕೆಲವರು ಒಮ್ಮೆ ಓದಿ ಇನ್ನೊಮ್ಮೆ ನೆನಪಿನಿಂದ ಬರೆದರು. ಐದು ನಿಮಿಷದ ನಂತರ ಕೇಳಿದಾಗ ಎರಡು ಸಲ ಓದಿದವರದೇ ಮೇಲುಗೈ. ವಾರದ ನಂತರ ಅವರಿಗೆ ನೆನಪಿದ್ದದ್ದು ಶೇ. 42, ಬರೆದವರಿಗೆ ಶೇ. 56. ನೋಟ್ಸ್ ಮತ್ತೆ ಮತ್ತೆ ಓದಿದಾಗ ಎಲ್ಲ ಬಂದ ಹಾಗೆ ಅನಿಸುವುದು ಆ ಮೊದಲ ಐದು ನಿಮಿಷದ ಮೋಸ.

ನನಗೆ ಇನ್ನೂ ಹೆಚ್ಚು ಧೈರ್ಯ ಕೊಟ್ಟವರು ಹಳಬರು. ಜರ್ಮನಿಯ ಮನಶ್ಶಾಸ್ತ್ರಜ್ಞ ಹರ್ಮನ್ ಎಬ್ಬಿಂಗ್‌ಹೌಸ್ ಅರ್ಥವಿಲ್ಲದ ಅಕ್ಷರಗುಚ್ಛಗಳನ್ನು ತಾನೇ ಬಾಯಿಪಾಠ ಮಾಡಿ, ಎಷ್ಟು ಮರೆತೆ ಅಂತ ತಾನೇ ಅಳೆದುಕೊಂಡು 1885ರಲ್ಲಿ ಪ್ರಕಟಿಸಿದರು. ಅವರು ಅಳೆದ ರೀತಿ ನನಗೆ ಇಷ್ಟ. ಎಷ್ಟು ನೆನಪಿದೆ ಅಂತಲ್ಲ, ಮತ್ತೆ ಕಲಿಯಲು ಎಷ್ಟು ಶ್ರಮ ಉಳಿಯಿತು ಅಂತ. ಒಂದು ದಿನದ ನಂತರ ಉಳಿತಾಯ ಸುಮಾರು ಮೂರನೇ ಒಂದು ಭಾಗಕ್ಕೆ ಇಳಿಯುತ್ತದೆ. ಆದರೆ 31 ದಿನವಾದರೂ ಐದನೇ ಒಂದು ಭಾಗ ಉಳಿದೇ ಇರುತ್ತದೆ. ಕುಸಿತ ಮೊದಲ ದಿನಗಳಲ್ಲೇ ಮುಗಿದುಹೋಗುತ್ತದೆ, ಆಮೇಲೆ ನಿಧಾನ. ಅರ್ಥವಿಲ್ಲದ ಅಕ್ಷರಗಳ ಗತಿಯೇ ಇದಾದರೆ, ಒಮ್ಮೆ ಅರ್ಥವಾದ ಗಣಿತ ಎಲ್ಲಿ ಹೋಗುತ್ತದೆ ಅಂತ ನನ್ನ ವಾದ. ಹತ್ತು ದಿನದಲ್ಲಿ ಎಂಟು ಪಾಠ ಮೇಲೆ ಬಂದವು. ಎರಡು ಬರಲಿಲ್ಲ. ಆ ಎರಡೂ ಕಾಗದದಲ್ಲಿ 'ಬಾಯಿಪಾಠದಲ್ಲಿ ದಾಟಿಸಿದ್ದು' ಅಂತ ಬರೆದಿದ್ದವೇ.

ಬ್ಯಾಗಿನ ಬಗ್ಗೆ ಹೇಳುವಂಥದ್ದೇನಿಲ್ಲ. ಹೋದ ವರ್ಷ ಒಯ್ದು ಒಮ್ಮೆಯೂ ತೆಗೆಯದ ವಸ್ತುಗಳನ್ನು ಈ ವರ್ಷ ಒಯ್ಯಲಿಲ್ಲ, ಅಷ್ಟೇ.

ಹೊರಡುವ ಹಿಂದಿನ ರಾತ್ರಿ ಒಂದು ಸಣ್ಣ ಸಂಗತಿ ನಡೆಯಿತು. ಮನೆಯಲ್ಲಿ ನನ್ನ ಮೇಜನ್ನು ತಮ್ಮ ಬಳಸುತ್ತಾನೆ, ನಾನು ಬಂದಾಗ ಬಿಟ್ಟುಕೊಡುತ್ತಾನೆ. ಅವತ್ತು ಊಟ ಮುಗಿಸಿ ಬಂದರೆ ಅವನು ಆಗಲೇ ತನ್ನ ಪುಸ್ತಕಗಳನ್ನು ಜೋಡಿಸಿಡುತ್ತಿದ್ದ. ನನ್ನನ್ನು ಕಂಡು ಗಾಬರಿಯಾಗಿ ಎತ್ತಿಕೊಳ್ಳಲು ಹೋದ. "ಇರಲಿ ಬಿಡೋ" ಅಂದೆ. ಗಂಟಲು ಮಾತ್ರ ಕಟ್ಟಿತು. ಅಮ್ಮ ಬಟ್ಟೆ ಮಡಚುತ್ತಿದ್ದರು, ಮಡಚಿದ್ದನ್ನೇ ಬಿಚ್ಚಿ ಮತ್ತೆ ಮಡಚುತ್ತಿದ್ದರು. ಈ ಭಾಗಕ್ಕೆ ನನ್ನ ಹತ್ತಿರ 14 ದಿನದ ಪಟ್ಟಿ ಇಲ್ಲ.

ತರಗತಿ ಶುರುವಾಗುವ ಎರಡು ದಿನ ಮೊದಲೇ ಬಂದೆ. ಬೀಗ ತೆಗೆದೆ, ನೇರ ಬಚ್ಚಲಿಗೆ ಹೋಗಿ ಬಕೆಟ್ ನೀರು ಸುರಿದೆ. ನಲ್ಲಿಯನ್ನು ಕೆಲವು ನಿಮಿಷ ಹಾಗೇ ಬಿಟ್ಟೆ, ಕೊಳವೆಯಲ್ಲಿ ನಿಂತಿದ್ದ ನೀರು ಮೊದಲು ಕಂದಾಗಿ ಬಂದು ಆಮೇಲೆ ತಿಳಿಯಾಯಿತು. ಹಾಸಿಗೆ ಬಿಸಿಲಿಗೆ ಹಾಕಿದೆ. ಗಡಿಯಾರಕ್ಕೆ ಸೆಲ್ ಹಾಕಿ ಮುಳ್ಳು ತಿರುಗಿಸಿದೆ. ಡ್ರಾಯರ್‌ನಲ್ಲಿ ನನ್ನ ಕಾಗದ ಇತ್ತು. ಓದಿದಾಗ ಬೇರೆ ಯಾರೋ, ನನಗಿಂತ ಸ್ವಲ್ಪ ಖಾರವಾದವಳು, ಬರೆದ ಹಾಗಿತ್ತು.

ಹೇಳಿದಂತೆ ಮೊದಲ ವಾರವೇ ಫೋರಿಯರ್ ಪ್ರಶ್ನೆ ಹಿಡಿದುಕೊಂಡು ಮೇಷ್ಟ್ರ ಕೋಣೆಗೆ ಹೋದೆ. ಅವರು ಉತ್ತರ ಹೇಳಲಿಲ್ಲ. ಎರಡು ಗ್ರಾಫ್ ಬಿಡಿಸಿ, "ಇದನ್ನು ಕನ್ನಡಿಯಲ್ಲಿ ನೋಡು, ಇದನ್ನೂ ನೋಡು" ಅಂದರು. ಕೊಸೈನ್ ಎಡಕ್ಕೂ ಬಲಕ್ಕೂ ಒಂದೇ ರೀತಿ, ಸೈನ್ ತಲೆಕೆಳಗು. ಸೊನ್ನೆಯ ಎರಡೂ ಕಡೆ ತಲೆಕೆಳಗಾಗಿರುವ ಫಂಕ್ಷನ್ನಿನಲ್ಲಿ ಕೊಸೈನಿಗೆ ಜಾಗವೇ ಇಲ್ಲ. ಒಂದು ವರ್ಷ ಹೊತ್ತುಕೊಂಡು ತಿರುಗಿದ್ದು ಐದು ನಿಮಿಷದಲ್ಲಿ ಇಳಿಯಿತು.

ತಯಾರಿ ಇಲ್ಲದೆ ಸಿಕ್ಕಿಬಿದ್ದದ್ದು ಲೈಬ್ರರಿಯಲ್ಲಿ. ಮೂಲೆಯ ಉದ್ದ ಮೇಜು ಯಾವಾಗಲೂ ಸೀನಿಯರ್‌ಗಳದು, ನಾವು ಹತ್ತಿರ ಸುಳಿಯುತ್ತಿರಲಿಲ್ಲ. ಅವರೆಲ್ಲ ಕೋರ್ಸ್ ಮುಗಿಸಿ ಹೋಗಿದ್ದಾರೆ ಅಂತ ಗೊತ್ತಿತ್ತು, ಆದರೂ ಖಾಲಿ ಮೇಜು ನೋಡಿ ಒಂದು ಕ್ಷಣ ಅವರು ಊಟಕ್ಕೆ ಹೋಗಿದ್ದಾರೇನೋ ಅನಿಸಿತು. ಹೋಗಿ ಕೂತೆ. ಸ್ವಲ್ಪ ಹೊತ್ತಿಗೆ ಹೊಸ ಹುಡುಗಿಯೊಬ್ಬಳು ಬಂದು, "ಅಕ್ಕಾ, ಇಲ್ಲಿ ಯಾರಾದರೂ ಕೂರಬಹುದಾ?" ಅಂತ ಕೇಳಿದಳು. ಕುರ್ಚಿ ಎಳೆದುಕೊಟ್ಟೆ.

ಆ ರಾತ್ರಿ ತಮ್ಮ ಫೋನ್ ಮಾಡಿದ. ಅದೂ ಇದೂ ಮಾತಾಡಿ ಕೊನೆಗೆ ಕೇಳಿದ, "ಅಕ್ಕಾ, ನಿನ್ನ ಮೇಜಿನ ಕೆಳಗಿನ ಡ್ರಾಯರ್ ನಾನು ಖಾಲಿ ಮಾಡಿಲ್ಲ. ಹಾಗೇ ಇರಲಾ?"

"ಮೇಲಿನದ್ದು?"

"ಅದರಲ್ಲಿ ನನ್ನ ಸಾಮಾನು ಹಾಕಿದೀನಿ."

"ಸರಿ, ಕೆಳಗಿನದ್ದು ಹಾಗೇ ಇರಲಿ" ಅಂದೆ.